ರಾಬರ್ಟ್ ಪ್ಲಾಂಟ್ ದನಿ ತಗ್ಗಿಸಿದ ಆಲ್ಬಮ್

ಇಂಗ್ಲೆಂಡಿನ ರಾಕ್ ಬ್ಯಾಂಡ್ ಲೆಡ್ ಜೆಪ್ಲಿನ್‌ನ ಹಾಡುಗಾರ ರಾಬರ್ಟ್ ಪ್ಲಾಂಟ್ ಅಂದ ತಕ್ಷಣ ಬೆಂಗಳೂರಿನ ರಾಕ್ ಕೇಳುಗರಿಗೆ ನೆನಪಾಗುವುದು ಆ ಕೂಗು. ಮೇಲೆ ಮೇಲೆ ಹತ್ತಿಕೊಂಡು ಹೋಗಿ, ಇನ್ನೇನು ಗಂಟಲು ಹರಿದೇ ಹೋಯಿತು ಅನ್ನುವಾಗ ಇನ್ನೂ ಒಂದು ಮೆಟ್ಟಿಲು ಹತ್ತುವ ಕೂಗು. ಇಲ್ಲಿನ ಕಾಲೇಜು ಫೆಸ್ಟ್‌ಗಳ ಬ್ಯಾಂಡ್ ಸ್ಪರ್ಧೆಗಳಲ್ಲಿ ಹಾಡುವ ಹುಡುಗ ಗೆದ್ದನೋ ಸೋತನೋ ಅಂತ ಜನ ತೀರ್ಮಾನ ಮಾಡುತ್ತಿದ್ದದ್ದೇ ಆ ಎತ್ತರ ಮುಟ್ಟಿದನಾ ಇಲ್ಲವಾ ಅನ್ನುವುದರ ಮೇಲೆ. ನಾನೂ ಆ ಗುಂಪಿನಲ್ಲಿ ನಿಂತು ಶಿಳ್ಳೆ ಹೊಡೆದವನು. ಆದರೆ ಈಗ ಪ್ಲಾಂಟ್ ಅಂದರೆ ನನ್ನ ಕಿವಿಗೆ ಕೇಳುವುದು ಬೇರೆ ದನಿ. 2002ರಲ್ಲಿ ಬಂದ ‘ಡ್ರೀಮ್‌ಲ್ಯಾಂಡ್’ ಆಲ್ಬಮ್‌ನ ದನಿ. ಆಗ ಅವನಿಗೆ 53 ವರ್ಷ. ಇದರಲ್ಲಿ ಅವನು ಕೂಗುವುದು ತುಂಬಾ ಕಡಿಮೆ. ಮಾತಾಡಿದ ಹಾಗೆ, ಗೊಣಗಿದ ಹಾಗೆ, ಕೆಲವು ಕಡೆ ಪಕ್ಕದಲ್ಲೇ ಕೂತು ಕಿವಿಯಲ್ಲಿ ಹೇಳಿದ ಹಾಗೆ ಹಾಡುತ್ತಾನೆ.

ಹಾಡುಗಳಲ್ಲಿ ಹೆಚ್ಚಿನವು ಅವನವಲ್ಲ. ಹಳೇ ಬ್ಲೂಸ್ (ಅಮೆರಿಕದ ಕರಿಯರು ಕಟ್ಟಿದ ಹಾಡಿನ ಬಗೆ), ಫೋಕ್, ಅರವತ್ತರ ದಶಕದ ಅಮೆರಿಕದ ಹಾಡುಗಳು. ಬಹುಪಾಲು ಅವನು ಬರ್ಮಿಂಗ್‌ಹ್ಯಾಮ್ ಆಸುಪಾಸಿನಲ್ಲಿ ಹುಡುಗನಾಗಿ ಬೆಳೆಯುತ್ತಿದ್ದಾಗಿನ ಕಾಲದವು, ಅಥವಾ ಅದಕ್ಕೂ ಹಿಂದಿನವು. ಆಲ್ಬಮ್‌ಗೆ ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತ್ತು, ಅದರ ‘ಡಾರ್ಕ್‌ನೆಸ್, ಡಾರ್ಕ್‌ನೆಸ್’ ಹಾಡಿನ ಗಾಯನಕ್ಕೂ ಸಿಕ್ಕಿತ್ತು. ಪ್ರಶಸ್ತಿ ಬರಲಿಲ್ಲ. ಐದು ವರ್ಷದ ನಂತರ ಅಮೆರಿಕದ ಹಾಡುಗಾರ್ತಿ ಅಲಿಸನ್ ಕ್ರಾಸ್ ಜೊತೆ ಮಾಡಿದ ‘ರೈಸಿಂಗ್ ಸ್ಯಾಂಡ್’ ಬಂತು, 2009ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ಅನ್ನಿಸಿಕೊಂಡಿತು, ಎಲ್ಲರೂ ಅದನ್ನೇ ಮಾತಾಡಿದರು. ಒಳ್ಳೆಯ ಆಲ್ಬಮ್ಮೇ, ಅನುಮಾನ ಬೇಡ. ಆದರೆ ಬೇರೆಯವರ ಹಾಡಿನ ಒಳಗೆ ಹೋಗಿ ಕೂರುವುದನ್ನು ಪ್ಲಾಂಟ್ ಕಲಿತದ್ದು ‘ಡ್ರೀಮ್‌ಲ್ಯಾಂಡ್’ನಲ್ಲಿ. ಇದಿಲ್ಲದೆ ಅದು ಆಗುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹಿಂದಿನ ಕಥೆ ಸ್ವಲ್ಪ ಹೇಳಬೇಕು. 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ ಮೇಲೆ ಜೆಪ್ಲಿನ್ ಮುಗಿಯಿತು. ಎಂಬತ್ತರ ದಶಕ ಪೂರ್ತಿ ಪ್ಲಾಂಟ್ ತನ್ನದೇ ಆಲ್ಬಮ್‌ಗಳನ್ನು ಮಾಡಿದ. ತೊಂಬತ್ತರ ದಶಕದಲ್ಲಿ ಮತ್ತೆ ಜೆಪ್ಲಿನ್ ಗಿಟಾರಿಸ್ಟ್ ಜಿಮ್ಮಿ ಪೇಜ್ ಜೊತೆ ಸೇರಿ ದೊಡ್ಡ ದೊಡ್ಡ ಸ್ಟೇಡಿಯಂಗಳಲ್ಲಿ ಹಾಡಿದ. ಅದೇ ದಾರಿಯಲ್ಲಿ ಸುಮ್ನೆ ಹೋಗುತ್ತಿದ್ದರೆ ಜೀವನಪೂರ್ತಿ ದುಡ್ಡಿಗೆ ಬರ ಇರಲಿಲ್ಲ. ಅವನು ಏನು ಮಾಡಿದ ಗೊತ್ತಾ? 1999ರಲ್ಲಿ ‘ಪ್ರಯರಿ ಆಫ್ ಬ್ರಯನ್’ ಅಂತ ಒಂದು ಸಣ್ಣ ಬ್ಯಾಂಡ್ ಕಟ್ಟಿದ. ಗಿಟಾರಿಗೆ ಜೆಪ್ಲಿನ್‌ಗೂ ಮುಂಚಿನ ಹಳೇ ಗೆಳೆಯ ಕೆವಿನ್ ಗ್ಯಾಮಂಡ್. ಪುಟ್ಟ ಪುಟ್ಟ ಹಾಲ್‌ಗಳಲ್ಲಿ, ಪಬ್ಬಿನಂಥ ಜಾಗಗಳಲ್ಲಿ, ಹುಡುಗನಾಗಿದ್ದಾಗ ತನಗೆ ಇಷ್ಟವಾಗಿದ್ದ ಹಾಡುಗಳನ್ನು ಹಾಡುತ್ತಾ ಓಡಾಡಿದ. ‘ಡ್ರೀಮ್‌ಲ್ಯಾಂಡ್’ನ ಕೆಲವು ಹಾಡುಗಳು ಆ ಓಡಾಟದಲ್ಲೇ ಹದಗೊಂಡವು. ಲಕ್ಷಾಂತರ ಜನರ ಮುಂದೆ ನಿಂತವನು ಮತ್ತೆ ನಾಲ್ಕು ಬೆಂಚಿನ ಮುಂದೆ ನಿಂತು ಹಾಡಿದ್ದು ನನಗೆ ಅವನ ಅತಿ ದೊಡ್ಡ ಸಾಧನೆ ಅನ್ನಿಸುತ್ತದೆ.

ಆಮೇಲೆ ಕೂಡಿಕೊಂಡ ಬ್ಯಾಂಡಿನ ಹೆಸರು ‘ಸ್ಟ್ರೇಂಜ್ ಸೆನ್ಸೇಷನ್’. ಇದರಲ್ಲಿದ್ದವರು ಬ್ಲೂಸ್ ಬಾರಿಸುವ ಮಾಮೂಲಿ ಜನ ಅಲ್ಲವೇ ಅಲ್ಲ. ಡ್ರಮ್ಮರ್ ಕ್ಲೈವ್ ಡೀಮರ್, ಕೀಬೋರ್ಡಿನ ಜಾನ್ ಬ್ಯಾಗಟ್ ಇಬ್ಬರೂ ಬ್ರಿಸ್ಟಲ್ ಕಡೆಯ ಸಂಗೀತದಿಂದ, ಪೋರ್ಟಿಸ್‌ಹೆಡ್‌ನಂಥ ಬ್ಯಾಂಡ್‌ಗಳ ಸಹವಾಸದಿಂದ ಬಂದವರು. ಗಿಟಾರಿಸ್ಟ್ ಜಸ್ಟಿನ್ ಆ್ಯಡಮ್ಸ್ ಬಾಲ್ಯದಲ್ಲಿ ಅರಬ್ ದೇಶಗಳಲ್ಲಿ ಇದ್ದವನು. ಸಹಾರಾ ಮರುಭೂಮಿಯ ತುವಾರೆಗ್ ಜನರ ಬ್ಯಾಂಡ್ ‘ತಿನಾರಿವೆನ್’ಗೆ 2001ರ ಆಲ್ಬಮ್ ಮಾಡಿಕೊಟ್ಟವರಲ್ಲಿ ಒಬ್ಬ. ಅಂದರೆ ಅಮೆರಿಕದ ಮಿಸಿಸಿಪ್ಪಿಯ ಬ್ಲೂಸ್ ಹಾಡನ್ನು ಆಫ್ರಿಕಾದ ಕಿವಿಯಿಂದ ಕೇಳಬಲ್ಲವನು. ಬ್ಲೂಸ್‌ನ ಬೇರು ಹುಡುಕಿಕೊಂಡು ಹೋದರೆ ಕೊನೆಗೆ ತಲುಪುವುದೂ ಪಶ್ಚಿಮ ಆಫ್ರಿಕಾವನ್ನೇ ಅಲ್ವಾ. ಈ ಆಲ್ಬಮ್‌ನ ಬಣ್ಣ ಬದಲಾಗಿದ್ದು ಇವನಿಂದ.

ಮೊದಲ ಹಾಡು ‘ಫನ್ನಿ ಇನ್ ಮೈ ಮೈಂಡ್’. ಇದರ ಮೂಲ ಬುಕ್ಕಾ ವೈಟ್ 1940ರಲ್ಲಿ ಶಿಕಾಗೋದಲ್ಲಿ ರೆಕಾರ್ಡ್ ಮಾಡಿದ ‘ಫಿಕ್ಸಿನ್ ಟು ಡೈ ಬ್ಲೂಸ್’. ಬುಕ್ಕಾ ವೈಟ್ ಮಿಸಿಸಿಪ್ಪಿಯವನು, ಪಾರ್ಚ್‌ಮನ್ ಅನ್ನುವ ಕುಖ್ಯಾತ ಜೈಲಿನಲ್ಲಿ ಇದ್ದು ಬಂದವನು. ಆ ರೆಕಾರ್ಡಿನಲ್ಲಿ ಅವನ ಗಿಟಾರ್ ಮತ್ತು ಪಕ್ಕದಲ್ಲಿ ವಾಶ್‌ಬೋರ್ಡ್, ಅಂದರೆ ಬಟ್ಟೆ ಒಗೆಯುವ ತಗಡಿನ ಹಲಗೆಯನ್ನು ಕೆರೆದು ತಾಳ ಹಾಕುವವನು, ಇಷ್ಟೇ ಇರುವುದು. ವಿಷಯ ಸಾವು. ಸಾಯೋಕೆ ಹೆದರಿಕೆ ಇಲ್ಲ, ಮಕ್ಕಳು ಅಳುವುದನ್ನು ನೆನೆದರೆ ಸಹಿಸೋಕಾಗಲ್ಲ ಅನ್ನುವ ಅರ್ಥ. ಆದರೆ ತಾಳ ಮಾತ್ರ ಓಡುತ್ತದೆ. ಕೂತು ಅಳುವ ಹಾಡಲ್ಲ ಅದು, ಓಡುತ್ತಾ ಅಳುವ ಹಾಡು. ಪ್ಲಾಂಟ್ ಮಾತುಗಳನ್ನೆಲ್ಲ ಹಾಗೆಯೇ ಇಟ್ಟುಕೊಂಡಿಲ್ಲ. ಧಾಟಿಯನ್ನೂ ಇಟ್ಟುಕೊಂಡಿಲ್ಲ. ಆ ಓಟವನ್ನು ಮಾತ್ರ ಬಿಟ್ಟಿಲ್ಲ. ವಾಶ್‌ಬೋರ್ಡ್ ಇದ್ದ ಜಾಗಕ್ಕೆ ಡೀಮರ್‌ನ ಡ್ರಮ್ಸ್ ಬರುತ್ತದೆ, ಗಿಟಾರುಗಳು ಒಂದೇ ಎಳೆಯನ್ನು ಹಿಡಿದು ಗುಂಯ್‌ಗುಡುತ್ತವೆ, ಅದರ ಮೇಲೆ ಇವನ ದನಿ ಸಣ್ಣಗೆ ತೇಲುತ್ತದೆ. ಇಪ್ಪತ್ತರ ಪ್ಲಾಂಟ್ ಆಗಿದ್ದರೆ ಇದೇ ಹಾಡನ್ನು ಮೊದಲ ಸಾಲಿನಿಂದಲೇ ಅರಚಿ ಮುಗಿಸುತ್ತಿದ್ದ. ಐವತ್ತು ದಾಟಿದವನಿಗೆ ಸಾವಿನ ಹಾಡಿನಲ್ಲಿ ಅರಚುವುದಕ್ಕೆ ಏನೂ ಇಲ್ಲ ಅನ್ನುವುದು ಗೊತ್ತಿದೆ. ಅವನು 1977ರಲ್ಲಿ ಐದು ವರ್ಷದ ಮಗನನ್ನು ಕಳೆದುಕೊಂಡವನು. ಈ ಹಾಡನ್ನು ಅದಕ್ಕೆ ನೇರವಾಗಿ ಗಂಟು ಹಾಕುವುದು ನನಗೆ ಇಷ್ಟವಿಲ್ಲ. ಆದರೂ ಕೇಳುವಾಗ ನೆನಪಿಗೆ ಬಾರದೆ ಇರುವುದಿಲ್ಲ.

ಈಗ ನನಗೆ ನಿಜವಾಗಲೂ ಮುಖ್ಯ ಅನ್ನಿಸುವ ವಿಷಯ. ಹೆಸರುಗಳ ವಿಷಯ. ಜೆಪ್ಲಿನ್ ಕಾಲದಲ್ಲಿ ಇವರು ಕರಿಯರ ಬ್ಲೂಸ್‌ನಿಂದ ತೆಗೆದುಕೊಂಡದ್ದು ಬಹಳ, ಹೆಸರು ಹೇಳಿದ್ದು ಕಡಿಮೆ. 1969ರ ‘ಹೋಲ್ ಲಾಟಾ ಲವ್’ನಲ್ಲಿ ಪ್ಲಾಂಟ್ ಹಾಡುವ ಮಾತುಗಳಲ್ಲಿ ಎಷ್ಟೋ ವಿಲ್ಲಿ ಡಿಕ್ಸನ್ ಬರೆದು ಮಡ್ಡಿ ವಾಟರ್ಸ್ ಹಾಡಿದ ಹಾಡಿನವು. ರೆಕಾರ್ಡಿನ ಮೇಲೆ ಡಿಕ್ಸನ್ ಹೆಸರೇ ಇರಲಿಲ್ಲ. 1985ರಲ್ಲಿ ಆತ ಕೇಸ್ ಹಾಕಿದ ಮೇಲೆ, ಎರಡು ವರ್ಷ ಕಳೆದು ರಾಜಿಯಾಗಿ, ಹೆಸರು ಬಂತು. ಎಲ್ಲ ಹಾಡಿಗೂ ಹಾಗೆ ಮಾಡಿದರು ಅಂತಲ್ಲ. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಊರೂರೇ ಮುಳುಗಿದ್ದರ ಬಗ್ಗೆ ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮಕಾಯ್ ಸೇರಿ 1929ರಲ್ಲಿ ಮಾಡಿದ ಹಾಡನ್ನು ಜೆಪ್ಲಿನ್ 1971ರಲ್ಲಿ ಹಾಡಿದಾಗ ಮಿನ್ನಿಯ ಹೆಸರು ಹಾಕಿದ್ದರು. (ಆ ಹಾಡು ಕೇಳಿದಾಗೆಲ್ಲ ನನಗೆ ನಮ್ಮ ಮದಗದ ಕೆರೆಯ ಮಳೆ ಹಾಡು ನೆನಪಾಗುತ್ತದೆ. ಅದನ್ನು ಮೊದಲು ಕಟ್ಟಿದವರ ಹೆಸರು ಯಾರಿಗೂ ತಿಳಿಯದಂತೆ ನೀರಿನ ಜೊತೆಗೇ ಹೋಯಿತು.) ಆದರೆ ಒಟ್ಟು ಲೆಕ್ಕ ಹಾಕಿದರೆ ಬಾಕಿ ಬಹಳ ಇತ್ತು. ‘ಡ್ರೀಮ್‌ಲ್ಯಾಂಡ್’ನಲ್ಲಿ ಆ ಬಾಕಿ ಕೊಟ್ಟ ಭಾವ ಇದೆ. ಹಾಡು ಗುರುತೇ ಸಿಗದಷ್ಟು ಬದಲಾಗಿದೆ, ಆದರೂ ಯಾರಿಂದ ಬಂತು ಅನ್ನುವುದು ಅಲ್ಲೇ ಅಚ್ಚಾಗಿದೆ. ಎಷ್ಟು ಬೇಕಾದರೂ ಬದಲಾಯಿಸು, ಕಟ್ಟಿದವರ ಹೆಸರನ್ನು ಮಾತ್ರ ಬಿಡಬೇಡ. ಹಳೇ ಹಾಡು ಹಾಡುವವರಿಗೆ ಇರುವ ನಿಯಮ ಇದೊಂದೇ ಅಂತ ನಾನು ನಂಬಿದ್ದೇನೆ.

‘ಮಾರ್ನಿಂಗ್ ಡ್ಯೂ’ ಇದಕ್ಕೆ ಒಳ್ಳೆಯ ಉದಾಹರಣೆ. ಕೆನಡಾದ ಬಾನಿ ಡಾಬ್ಸನ್ ಅರವತ್ತರ ದಶಕದ ಶುರುವಿನಲ್ಲಿ ಬರೆದ ಹಾಡು. ಅಣುಬಾಂಬಿನ ಯುದ್ಧ ಮುಗಿದ ಮೇಲೆ ಉಳಿದ ಇಬ್ಬರ ನಡುವಿನ ಮಾತುಕತೆ. ಹೊರಗೆ ಹೋಗೋಣ ಅಂತ ಒಬ್ಬರು, ಹೋಗೋಕಾಗಲ್ಲ ಅಂತ ಇನ್ನೊಬ್ಬರು. ನಂತರ ಟಿಮ್ ರೋಸ್ ಅನ್ನುವವನು ಅದನ್ನು ಬದಲಾಯಿಸಿ ಹಾಡಿ ತನ್ನ ಹೆಸರನ್ನೂ ಸೇರಿಸಿಕೊಂಡ. ಅಂದಿನಿಂದ ಎರಡು ಹೆಸರೂ ಅಂಟಿಕೊಂಡಿವೆ. ಎಷ್ಟೋ ಜನ ರಾಕ್ ಮಂದಿ ಈ ಹಾಡಿನಲ್ಲಿ ಸಿಡಿಲು ಗುಡುಗು ತೋರಿಸೋಕೆ ಹೋಗಿದ್ದಾರೆ. ಪ್ಲಾಂಟ್ ತೋರಿಸಿಲ್ಲ. ಬಾಂಬು ಬಿದ್ದಾಗಿದೆ, ಈಗ ಉಳಿದಿರುವುದು ನಿಶ್ಶಬ್ದ ಅನ್ನುವುದನ್ನು ಅರ್ಥ ಮಾಡಿಕೊಂಡು ಹಾಡಿದ್ದಾನೆ. ನಾನು ಕೇಳಿದ ‘ಮಾರ್ನಿಂಗ್ ಡ್ಯೂ’ಗಳಲ್ಲಿ ಡಾಬ್ಸನ್ ಹಾಡಿನ ಮನಸ್ಸಿಗೆ ತೀರಾ ಹತ್ತಿರ ಬಂದಿರುವುದು ಇದೇ.

‘ಹೇ ಜೋ’ ಇನ್ನೂ ಮಜಾ. ಬೆಂಗಳೂರಿನಲ್ಲಿ ಗಿಟಾರ್ ಹಿಡಿದ ಪ್ರತಿಯೊಬ್ಬನೂ ಇದನ್ನು ಬಾರಿಸಿರುತ್ತಾನೆ, ಜಿಮಿ ಹೆಂಡ್ರಿಕ್ಸ್ 1966ರಲ್ಲಿ ಮಾಡಿದ ರೀತಿಯಲ್ಲೇ ಬಾರಿಸಿರುತ್ತಾನೆ. ಅದನ್ನೇ ಮೂಲ ಅಂದುಕೊಂಡಿರುತ್ತಾನೆ. ಹಾಡಿನ ಹಕ್ಕು ಬಿಲ್ಲಿ ರಾಬರ್ಟ್ಸ್ ಅನ್ನುವ ಫೋಕ್ ಹಾಡುಗಾರನ ಹೆಸರಿನಲ್ಲಿ 1962ರಲ್ಲೇ ನೋಂದಣಿಯಾಗಿತ್ತು. ಆ ನಿಧಾನದ ನಡೆ ಕೂಡ ಹೆಂಡ್ರಿಕ್ಸ್‌ದಲ್ಲ, ಅದೇ ಟಿಮ್ ರೋಸ್ ಹಾಡಿದ್ದನ್ನು ನೋಡಿ ಬಂದದ್ದು. ಪ್ಲಾಂಟ್ ಈ ಹಾಡನ್ನು 1967ರಲ್ಲೇ, ‘ಬ್ಯಾಂಡ್ ಆಫ್ ಜಾಯ್’ ಅನ್ನುವ ತನ್ನ ಊರ ಕಡೆಯ ಬ್ಯಾಂಡಿನಲ್ಲಿ ಹಾಡಿ ರೆಕಾರ್ಡ್ ಮಾಡಿದ್ದ. ಆ ರೆಕಾರ್ಡಿಂಗ್ 2003ರ ‘ಸಿಕ್ಸ್ಟಿ ಸಿಕ್ಸ್ ಟು ಟಿಂಬಕ್ಟು’ ಸಂಗ್ರಹದಲ್ಲಿ ಸಿಗುತ್ತದೆ. ಎರಡನ್ನೂ ಒಂದಾದ ಮೇಲೊಂದು ಕೇಳಿ. ಮೊದಲಿನದರಲ್ಲಿ ಹುಡುಗ ತನಗೆ ಏನೇನು ಬರುತ್ತದೆ ಅಂತ ಎಲ್ಲವನ್ನೂ ಸುರಿದುಬಿಡುತ್ತಾನೆ. ಎರಡನೆಯದು ಏಳು ನಿಮಿಷಕ್ಕೂ ಜಾಸ್ತಿ. ಎಷ್ಟೋ ಹೊತ್ತು ಏನೂ ಆಗುವುದೇ ಇಲ್ಲ. ಹೆಂಡತಿಯನ್ನು ಕೊಂದು ಗಡಿ ದಾಟೋಕೆ ಹೊರಟವನನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದಾನೆ, ಪಿಸುಮಾತಿನಲ್ಲಿ. ಹಿಂದೆ ಏನೋ ಒಂದು ಸದ್ದು ಸುಳಿಯುತ್ತಿರುತ್ತದೆ. ಕೊಲೆ ಅನ್ನುವುದು ಈ ಹಾಡಿನಲ್ಲಿ ಎಷ್ಟು ಭಯಂಕರ ವಿಷಯ ಅಂತ ನನಗೆ ಮೊದಲ ಸಲ ತಟ್ಟಿದ್ದು ಈ ಆವೃತ್ತಿಯಲ್ಲಿ. ಹೆಂಡ್ರಿಕ್ಸ್‌ದು ಕೇಳುವಾಗ ನಾವೆಲ್ಲ ಗಿಟಾರ್ ನೋಡುತ್ತಿರುತ್ತೇವೆ, ಕೊಲೆ ಆಗಿದ್ದು ಮರೆತೇ ಹೋಗಿರುತ್ತದೆ.

ಹಳೇ ಹಾಡನ್ನು ಹೀಗೆ ಬದಲಾಯಿಸಬಹುದಾ ಅನ್ನುವ ಜಗಳ ನಮಗೇನೂ ಹೊಸದಲ್ಲ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್‌ನಲ್ಲಿ ಶರೀಫಜ್ಜನ ‘ಗುಡುಗುಡಿಯಾ ಸೇದಿ ನೋಡೋ’ ಹಾಡಿದಾಗ ಕುಣಿದವರೂ ಇದ್ದರು, ಮುಖ ಸಿಂಡರಿಸಿದವರೂ ಇದ್ದರು. ಮೂಲ ಧಾಟಿ ಕೆಡಿಸಿದರು ಅಂತ ನನ್ನ ಮನೆಯಲ್ಲೇ ಒಬ್ಬರು ಬೇಜಾರು ಮಾಡಿಕೊಂಡಿದ್ದರು. ಯಾವ ಮೂಲ ಧಾಟಿ? ಬೆಂಗಳೂರಿನ ನಮ್ಮಂಥವರ ಕಿವಿಯಲ್ಲಿ ಇರುವುದು ಸಿ. ಅಶ್ವತ್ಥ್ ಅವರು ಕೂರಿಸಿದ ಧಾಟಿ. 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾದಿಂದ ಮನೆಮನೆಗೆ ಬಂದದ್ದು. ಅಶ್ವತ್ಥ್ ಅವರದ್ದು ಎಂಥಾ ದನಿ, ಎಂಥಾ ಕೆಲಸ, ಅದರ ಬಗ್ಗೆ ಎರಡು ಮಾತಿಲ್ಲ. 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ಜನ ಹೇಗೆ ಸೇರಿದ್ದರು ಅನ್ನುವುದು ಈ ಊರಿಗೇ ಗೊತ್ತು. ಆದರೆ ಶರೀಫ ತೀರಿಕೊಂಡಿದ್ದು 1889ರಲ್ಲಿ. ನಡುವೆ ನೂರು ವರ್ಷ ಆ ಪದಗಳನ್ನು ಉಳಿಸಿದ್ದು ಧಾರವಾಡ, ಹಾವೇರಿ ಕಡೆಯ ಭಜನಾ ಮೇಳಗಳು, ತಮ್ಮ ತಮ್ಮ ಧಾಟಿಯಲ್ಲಿ. ಅಶ್ವತ್ಥ್ ಅವರದ್ದೂ ಬದಲಾವಣೆಯೇ, ರಘು ಅವರದ್ದೂ ಬದಲಾವಣೆಯೇ. ಆದರೆ ಒಂದು ನೋಡಿ. ಯಾರು ಹೇಗೇ ಹಾಡಲಿ, ಕೊನೆಯಲ್ಲಿ ‘ಶಿಶುನಾಳಧೀಶ’ ಬಂದೇ ಬರುತ್ತದೆ. ಹಾಡಿನ ಒಳಗೇ ಅಂಕಿತ ಹೊಲಿದಿಟ್ಟಿದ್ದಾರೆ. ಕದಿಯೋಕೆ ಆಗಲ್ಲ. ಬುಕ್ಕಾ ವೈಟ್‌ಗೆ, ವಿಲ್ಲಿ ಡಿಕ್ಸನ್‌ಗೆ ಈ ರಕ್ಷಣೆ ಇರಲಿಲ್ಲ. ಅವರ ಹೆಸರು ರೆಕಾರ್ಡಿನ ಲೇಬಲ್ ಮೇಲೆ ಇತ್ತು, ಲೇಬಲ್ ಬದಲಾದರೆ ಹೆಸರೂ ಹೋಗುತ್ತಿತ್ತು.

ಒಂದು ಭಾನುವಾರ ಹನುಮಂತನಗರದಲ್ಲಿ ಗೆಳೆಯನ ಮನೆಯಲ್ಲಿ ಈ ಆಲ್ಬಮ್ ಹಾಕಿಕೊಂಡು ಕೂತಿದ್ದೆವು. ಅವನ ಅಮ್ಮ ಕುಂದಗೋಳದ ಕಡೆಯವರು. ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ‘ವಿನ್ ಮೈ ಟ್ರೇನ್ ಫೇರ್ ಹೋಮ್’ ಬಂತು. ಇದು ಒಂದು ಹಾಡಲ್ಲ, ಹಲವು ಹಳೇ ಬ್ಲೂಸ್‌ಗಳಿಂದ ಸಾಲು ಆರಿಸಿ ಕಟ್ಟಿದ್ದು. ಬ್ಲೂಸ್‌ನವರು ಮೊದಲಿನಿಂದಲೂ ಹಾಗೇ, ಒಬ್ಬರ ಸಾಲು ಇನ್ನೊಬ್ಬರ ಹಾಡಿಗೆ ಹೋಗಿ ಕೂರುತ್ತದೆ. ಇದರಲ್ಲಿ ಗಿಟಾರ್ ಒಂದೇ ಶ್ರುತಿಯ ಮೇಲೆ ಸುತ್ತುತ್ತಾ ಇರುತ್ತದೆ, ಪ್ಲಾಂಟ್ ದನಿ ಎಳೆದು ಎಳೆದು ಬರುತ್ತದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಅಮ್ಮ ತಲೆ ಎತ್ತಿದರು.

“ಯಾರಪಾ ಇಂವ? ಭಜನಿ ಪದ ಹಾಡಿದಂಗ ಹಾಡಾಕತ್ತಾನಲ್ಲ.”

ಇಂಗ್ಲೆಂಡಿನವನು ಅಮ್ಮ ಅಂದೆ.

“ಏನಂತಾನ ಪದದಾಗ?”

“ಊರಿಗೆ ವಾಪಸ್ ಹೋಗೋಕೆ ರೈಲಿನ ದುಡ್ಡು ಇಲ್ಲ ಅಂತಾನೆ. ಅದೃಷ್ಟ ಕುದುರಿದರೆ ಹೋಗ್ತೀನಿ ಅಂತಾನೆ.”

“ಹಂಗಾರ ನಮ್ಮ ಪದಾನ ಬಿಡು,” ಅಂದರು. ಅಷ್ಟರಲ್ಲಿ ಅವರ ಕೈ ಸೊಪ್ಪು ಬಿಟ್ಟು ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಏಕತಾರಿಯ ಒಂದು ತಂತಿ, ದಮ್ಮಡಿ, ತಾಳ, ಇಷ್ಟನ್ನೇ ಇಟ್ಟುಕೊಂಡು ರಾತ್ರಿಯಿಡೀ ಹಾಡುವವರನ್ನು ಕೇಳುತ್ತಾ ಬೆಳೆದವರಿಗೆ ಈ ಹಾಡಿನ ಒಳಗೆ ಹೋಗೋಕೆ ಯಾರ ಪರಿಚಯವೂ ಬೇಕಾಗಲಿಲ್ಲ. ಜೆಪ್ಲಿನ್ ಹಾಕಿದ್ದಿದ್ದರೆ ಸೌಂಡ್ ಕಡಿಮೆ ಮಾಡ್ರೋ ಅಂತಿದ್ದರು, ಅದು ಖಂಡಿತ. ಇದೇ ಹಾಡನ್ನು ಪ್ಲಾಂಟ್ ಮತ್ತು ಜಸ್ಟಿನ್ ಆ್ಯಡಮ್ಸ್ 2003ರ ಜನವರಿಯಲ್ಲಿ ಮಾಲಿ ದೇಶದಲ್ಲಿ, ಟಿಂಬಕ್ಟು ಹತ್ತಿರದ ಎಸ್ಸಕಾನೆ ಅನ್ನುವ ಮರಳುಗಾಡಿನ ಜಾಗದಲ್ಲಿ ನಡೆದ ಹಬ್ಬದಲ್ಲಿ ಹಾಡಿದರು. ಮಿಸಿಸಿಪ್ಪಿಗೆ ಹೋದ ಹಾಡು ಇಂಗ್ಲೆಂಡ್ ಸುತ್ತಿಕೊಂಡು ಅಜ್ಜನ ಊರಿಗೆ ಬಂದ ಹಾಗೆ.

ಎಲ್ಲವೂ ಒಂದೇ ಮಟ್ಟದಲ್ಲಿ ಇದೆ ಅಂತ ಹೇಳುವುದಿಲ್ಲ. ಬಾಬ್ ಡಿಲನ್‌ನ ‘ಒನ್ ಮೋರ್ ಕಪ್ ಆಫ್ ಕಾಫಿ’ ಹೆದರಿ ಹೆದರಿ ಹಾಡಿದ ಹಾಗಿದೆ, ಮೂಲದ ಪಕ್ಕದಲ್ಲೇ ನಡೆಯುತ್ತದೆ. ಬ್ಯಾಂಡ್ ತಾನೇ ಬರೆದ ‘ರೆಡ್ ಡ್ರೆಸ್’ ಕಾಲು ಕುಣಿಸುತ್ತದೆ, ಮುಗಿದ ಮೇಲೆ ಏನೂ ಉಳಿಯುವುದಿಲ್ಲ. ಬೇರೆಯವರ ಹಾಡಿನಲ್ಲಿ ತೋರಿಸಿದ ಧೈರ್ಯ ಇವರ ಸ್ವಂತ ಹಾಡುಗಳಲ್ಲಿ ಇಲ್ಲ.

ಆದರೆ ‘ಸಾಂಗ್ ಟು ದ ಸೈರನ್’ ಇದೆಯಲ್ಲ. ಲ್ಯಾರಿ ಬೆಕೆಟ್ ಬರೆದು ಟಿಮ್ ಬಕ್ಲಿ ರಾಗ ಹಾಕಿದ್ದು. ಸಮುದ್ರದಲ್ಲಿ ಹಾಡಿ ಕರೆಯುವ ಮೋಹಿನಿ, ಕೇಳಿ ಹೋದ ನಾವಿಕ, ಒಡೆದ ದೋಣಿ. ಬಕ್ಲಿ 28ಕ್ಕೇ ಹೋಗಿಬಿಟ್ಟ. ಅವನು ಹಾಡಿದ್ದು ಹರೆಯದವನ ದನಿಯಲ್ಲಿ, ಈಗಲೇ ಹಾರಿಬಿಡುತ್ತೇನೆ ಅನ್ನುವ ಹಾಗೆ. 1983ರಲ್ಲಿ ಎಲಿಜಬೆತ್ ಫ್ರೇಸರ್ ಹಾಡಿದ್ದು ಕೇಳಿದರೆ ಮೋಹಿನಿಯೇ ಹಾಡಿದಂತಿದೆ. ಇವೆರಡು ಆದ ಮೇಲೆ ಇನ್ನೊಬ್ಬರಿಗೆ ಏನು ಜಾಗ ಉಳಿದಿರುತ್ತದೆ ಅಂದುಕೊಂಡರೆ, ಪ್ಲಾಂಟ್ ಇದನ್ನು ದಡದಲ್ಲಿ ಕೂತವನ ಹಾಗೆ ಹಾಡುತ್ತಾನೆ. ಹಿಂದೆ ಯಾವಾಗಲೋ ಹಾರಿದ್ದವನು, ಬದುಕಿ ಬಂದವನು, ಇನ್ನೂ ಆ ಕಡೆಗೇ ಕಿವಿ ಕೊಟ್ಟು ಕೂತವನು. ಒಂದು ಕಡೆ ದನಿ ಮೇಲೆ ಹೋಗಬೇಕು, ಹಳೇ ಪ್ಲಾಂಟ್ ಹೋಗಿಯೇ ಹೋಗುತ್ತಿದ್ದ, ನಮ್ಮ ಕಿವಿಯೂ ಅದಕ್ಕೇ ಕಾಯುತ್ತದೆ. ಇವನು ಉಸಿರು ತೆಗೆದುಕೊಂಡು ಕೆಳಗೇ ಉಳಿಯುತ್ತಾನೆ. ಆ ಉಸಿರು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನನಗೆ ಇಡೀ ಆಲ್ಬಮ್ ಆ ಜಾಗದಲ್ಲಿದೆ.

ಪ್ಲಾಂಟ್ ಇನ್ನೂ ಇದೇ ಕೆಲಸ ಮಾಡುತ್ತಿದ್ದಾನೆ. 2025ರ ಸೆಪ್ಟೆಂಬರಿನಲ್ಲಿ ಸುಜಿ ಡಿಯಾನ್ ಮತ್ತು ತನ್ನ ಊರ ಕಡೆಯ ಹಾಡುಗಾರರ ಜೊತೆ ‘ಸೇವಿಂಗ್ ಗ್ರೇಸ್’ ತಂದ, 77ನೇ ವಯಸ್ಸಿನಲ್ಲಿ. ಅದರಲ್ಲೂ ಮೆಂಫಿಸ್ ಮಿನ್ನಿಯ ಕಡೆಯಿಂದ ಬಂದ ಹಾಡಿದೆ, ಬ್ಲೈಂಡ್ ವಿಲ್ಲಿ ಜಾನ್ಸನ್‌ನ ಹಾಡೂ ಇದೆ. ಅದರ ಬಗ್ಗೆ ಬೇರೆಯೇ ಬರೆಯಬೇಕು. ಹೊಸದಾಗಿ ಕೇಳುವವರು ‘ಡ್ರೀಮ್‌ಲ್ಯಾಂಡ್’ನಿಂದ ಶುರು ಮಾಡಿ. ಮೊದಲು ‘ವಿನ್ ಮೈ ಟ್ರೇನ್ ಫೇರ್ ಹೋಮ್’ ಕೇಳಿ, ಆಮೇಲೆ ‘ಫನ್ನಿ ಇನ್ ಮೈ ಮೈಂಡ್’. ಅದು ಮುಗಿದ ತಕ್ಷಣ ಬುಕ್ಕಾ ವೈಟ್‌ನ 1940ರ ರೆಕಾರ್ಡ್ ಹುಡುಕಿ ಹಾಕಿಕೊಳ್ಳಿ, ಯೂಟ್ಯೂಬಿನಲ್ಲೇ ಸಿಗುತ್ತದೆ. ಶುರುವಿನಲ್ಲಿ ಸ್ವಲ್ಪ ಗರಗರ ಸದ್ದು ಇರುತ್ತದೆ, ಅದಕ್ಕೆ ನಿಲ್ಲಿಸಬೇಡಿ.